ಅವ್ವ ಹಂಚಿದ ಗುಳಿಗೆ

ಮಸ್ಕಿ, 1945

ಅಪ್ಪಾ,

ನಿನ್ನನ್ನು ಕೊಂದ ನ್ಯುಮೋನಿಯಾಕ್ಕೆ ಈಗ ಸಲ್ಫಾ ಎಂಬ ಹೊಸ ಗುಳಿಗೆ ಬಂದಿದೆ. ಅವ್ವನಿಗೂ ಅದೇ ರೋಗ ಬಂದಾಗ ಲಿಂಗಸುಗೂರಿನ ಡಾಕ್ಟರು ಅದನ್ನೇ ಕೊಟ್ಟರು. ಬೇಗನೆ ಜ್ವರ ಇಳಿಯಿತು. ಕೊಟ್ಟ ಗುಳಿಗೆಯೆಲ್ಲ ಮುಗಿಯುವವರೆಗೂ ನುಂಗಬೇಕೆಂದು ಡಾಕ್ಟರು ಹೇಳಿದ್ದರು. ಆದರೆ ಅವ್ವ, "ನಂಗ ಆರಾಮಾತಲ್ಲ, ಇನ್ಯಾಕ?" ಎಂದು ಉಳಿದವನ್ನು ಹಬ್ಬದ ಹೋಳಿಗೆಯಂತೆ ಪಕ್ಕದ ಮನೆಯ ಗುಲ್ಷನ್‌ಬೀಗೆ ಕೊಟ್ಟುಬಿಟ್ಟಳು. ಅವಳ ಮಗಳಿಗೂ ಅದೇ ಜ್ವರ.

ಇಂದು ಅವ್ವನ ಜ್ವರ ಮರಳಿದೆ. ಲಿಂಗಸುಗೂರಿನಲ್ಲಿ ಗುಳಿಗೆ ಮುಗಿದಿವೆ. ಹೈದರಾಬಾದಿನಿಂದ ಯಾವಾಗ ಬರುತ್ತವೋ ಡಾಕ್ಟರಿಗೂ ತಿಳಿಯದು. ಉಳಿದಿದ್ದರೆ ಕೇಳಿ ತರೋಣವೆಂದು ಪಕ್ಕದ ಮನೆಗೆ ಹೋದೆ.

"ಬಾ ತಮ್ಮಾ! ನಿಮ್ಮವ್ವನ ಗುಳಿಗಿಯಿಂದ ನನ್ನ ಮಗಳು ಎದ್ದು ಕುಂತಾಳ ನೋಡು. ಇನ್ನೂ ಸ್ವಲ್ಪ ಅದಾವ. ಒಂದೂ ಬಿಡಂಗಿಲ್ಲ, ಎಲ್ಲಾ ನುಂಗಸ್ತೀನಿ," ಎಂದಳು ಗುಲ್ಷನ್‌ಬೀ. "ಯಾಕ ಬಂದಿದ್ದಿ?"

ಬಿ.ಎ. ಮಾಡಿದ ನನ್ನ ಬಾಯಿಂದ "ಸುಮ್ನ ಬಂದೆ" ಎಂಬುದಷ್ಟೇ ಹೊರಟಿತು.

ಮನೆಗೆ ಬಂದಾಗ ಅವ್ವ ಕೇಳಿದಳು: "ಹುಡುಗಿ ಹೆಂಗದಾಳಲೇ?"

"ಎದ್ದು ಕುಂತಾಳವ್ವಾ."

"ಮತ್ತ ನಿನ್ನ ಮಾರಿ ಯಾಕ ಹಂಗಾಗೈತಿ?"

ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಮೊನ್ನೆ ಎರಡೂ ಕಡೆಯಿಂದ ಕೆಮ್ಮು ಕೇಳುತ್ತಿತ್ತು. ಈಗ ಈ ಕಡೆಯಿಂದ ಮಾತ್ರ.