ಜೈಲಿಗೆ ಹೋಗಿದ್ದಕ್ಕೂ ಫೀಸು

ಅಪ್ಪಾ,

ಗೆದ್ದೆವು! ಬಡ ಆರೋಪಿಗಳಿಗಾಗಿ ಸರ್ಕಾರ ನೇಮಿಸುವ ವಕೀಲರಿಗೆ ಇನ್ನು ಜೈಲು ಭೇಟಿಗೂ ಫೀಸು ಕೊಡಲೇಬೇಕೆಂದು ಇವತ್ತು ತೀರ್ಪಾಯಿತು. ನೀನು ಬಿಟ್ಟುಹೋದ ಗೌನನ್ನೇ ತೊಟ್ಟು ವಾದಿಸಿದೆ. ನಿನ್ನ ಬಿಲ್ಲುಗಳಲ್ಲಿ ಆ ಭೇಟಿಗಳನ್ನು ಹೊಡೆದುಹಾಕುತ್ತಿದ್ದ ಲೆಕ್ಕಾಧಿಕಾರಿ, "ಕೋರ್ಟಲ್ಲಿ ನಿಂತ್ರೆ ಮಾತ್ರ ಕೆಲಸ, ಸ್ವಾಮಿ" ಎಂದು ಹಳೇ ರಾಗ ಎಳೆದರು. "ಕಕ್ಷಿದಾರನ ಮುಖಾನೇ ನೋಡದೆ ಏನಂತ ವಾದ ಮಾಡ್ಲಿ?" ಎಂದೆ. ನ್ಯಾಯಾಧೀಶರು ಅವರತ್ತ ತಿರುಗಿ "ಹೇಳ್ರೀ" ಎಂದರು. ಅವರು ಫೈಲು ತಿರುವಿಹಾಕತೊಡಗಿದರು.

ಪ್ರತಿ ಭಾನುವಾರ ನೀನು ಜೈಲಿಗೆ ಹೋದಾಗ ಫೋನ್ ಬಂದರೆ, "ಊರಲ್ಲಿಲ್ಲ ಅನ್ನು, ಮಾನ ಹೋಗತ್ತೆ" ಎಂದು ಅಮ್ಮ ನನಗೆ ಹೇಳಿಕೊಡುತ್ತಿದ್ದಳು. ನಾನೂ ಹಾಗೇ ಹೇಳುತ್ತಿದ್ದೆ.

ಈ ಭಾನುವಾರ ನನ್ನ ಸರದಿ. ಫೋನ್ ಬಂದರೆ ಹೇಳಬೇಕಾದ್ದನ್ನು ನಿನ್ನ ಮೊಮ್ಮಗಳು ಈಗಲೇ ಮನೆಯೆಲ್ಲ ಕೂಗಿಕೊಂಡು ಓಡಾಡುತ್ತಿದ್ದಾಳೆ: "ನಮ್ಮಮ್ಮ ಜೈಲಲ್ಲಿದ್ದಾಳೆ!"