ಭೀಮ, ರಾಣಿ ಡ್ಯಾಮಿನ ಬಯಲಿಗೆ ಹೋದದ್ದು

ರೀ,

ಎದ್ದ ಕೂಡಲೇ ನಾಯಿ ಎಲ್ಲಿ ಅಂತ ಕೂಗಾಡಬೇಡಿ. ಭೀಮ, ರಾಣಿ ಎರಡೂ ನನ್ನ ಜೊತೆ ಅಂಜನಾಪುರ ಡ್ಯಾಮಿನ ಬಯಲಿಗೆ ಹೊರಟಿವೆ. ನಿನ್ನೆ ನೀವು ಸೊರಬಕ್ಕೆ ಹೋದಾಗ ಮೊದಲ ಸಲ ಕರೆದುಕೊಂಡು ಹೋಗಿದ್ದೆ. ಡ್ಯಾಮಿನ ಕ್ವಾರ್ಟರ್ಸ್‌ನವರೆಲ್ಲ ಬೆಳಿಗ್ಗೆ ತಮ್ಮ ನಾಯಿಗಳನ್ನು ಅಲ್ಲಿ ಆಡಲು ಬಿಡ್ತಾರೆ. "ಸರಪಳಿ ಬಿಚ್ಚಿದ್ರೆ ಭೀಮ ಯಾರನ್ನಾದ್ರೂ ಸಿಗಿದುಹಾಕ್ತಾನೆ" ಅಂತಿದ್ದಿರಲ್ಲ, ಅವನು ಒಂದು ಮುದಿ ಪಮೇರಿಯನ್ ನಾಯಿ ಕಂಡು ನನ್ನ ಸೀರೆ ಹಿಂದೆ ಅಡಗಿದ. ಮುಂದೆ ಹೋಗಿ ಅದರ ಮೂತಿ ಮೂಸಿ ಮನೆ ಮಾನ ಉಳಿಸಿದ್ದು ರಾಣಿ. ಆಮೇಲೆ ಮೂರೂ ಸೇರಿ ಓಡಿದ್ದೇ ಓಡಿದ್ದು. ಮನೆಗೆ ಬಂದು ಮಲಗಿದವು ಬೊಗಳಲೇ ಇಲ್ಲ. ಪಕ್ಕದ ಮನೆ ಶೇಷಮ್ಮ "ನಾಯಿ ಕೊಟ್ಬಿಟ್ರೇನ್ರೀ?" ಅಂತ ಖುಷಿಯಾಗೇ ಕೇಳಿದರು.

ಬೊಗಳೋ ಕಾಟಕ್ಕೆ ಎರಡನ್ನೂ ಜಡೆ ಊರಿನ ರಾಜಪ್ಪನವರಿಗೆ ಕೊಡ್ತೀನಿ ಅಂದಿದ್ದಿರಿ. ಇವತ್ತು ಅವರು ಬಂದರೆ ಒಲೆ ಮೇಲಿನ ಉಪ್ಪಿಟ್ಟು ಬಡಿಸಿ, ಕೊಡಲ್ಲ ಅಂತ ನೀವೇ ಹೇಳಿ. ಅವರು ಬಸ್ಸು ಹತ್ತಿದ ಮೇಲೆ ನಾವು ಮೂವರೂ ಮನೆಗೆ ಬರ್ತೀವಿ.

ನೀಲಾಂಬಿಕ