ವಿ ಎಂಬುವರು ಮುಚ್ಚಿಟ್ಟ ಗೂಡು

ಏರುಕೇರಿ,
ಫೆಬ್ರವರಿ 30, 2287

ವಿ ಎಂಬ ಒಂದೇ ಅಕ್ಷರ ಬಿಟ್ಟುಹೋದವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ, ಆಗ ಊರಿಗೆ ಊರೇ ಹೊಳೆಗೆ ಇಳಿದು ಹೂಳು ಎತ್ತುತ್ತದೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಪರದೆಗಳಿಂದ, ಹಾಗಾಗಿ ನನ್ನ ಮಾತು ಅಲ್ಲಲ್ಲಿ ಫಾರಂ ತುಂಬಿದ ಹಾಗೆ ಕಾಣಬಹುದು. ಅದಕ್ಕೆ ಕ್ಷಮೆ ಇರಲಿ. ಮುಂದೆ ಬರೆಯುವ ಯಾವ ಮಾತಿಗೂ ನಾನು ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ನೀಲಗಂಗಾ. ಏರುಕೇರಿಯ ಔಷಧಿ ಮನೆಯಲ್ಲಿ ನಡುಗಾರ್ತಿ. ನಡುಗಾರ್ತಿ ಎಂದರೆ ಏನೆಂದು ನಿಮಗೆ ಹೇಳಬೇಕು, ಏಕೆಂದರೆ ಈ ಕಸುಬು ಹುಟ್ಟಿದ್ದು ನಿಮ್ಮಿಂದ. ನಮ್ಮ ಕಂಪ್ಯೂಟರಿನಲ್ಲಿ ನೀವು ಬರೆದ ಎರಡು ಪ್ರೋಗ್ರಾಮುಗಳು ಅಕ್ಕಪಕ್ಕ ಓಡುತ್ತಿವೆ. ಎಡಗಡೆಯದಕ್ಕೆ ಊರಿನ ಪ್ರತಿಯೊಬ್ಬರ ಮೈ ಗೊತ್ತು: ಯಾರಿಗೆ ಯಾವ ಔಷಧಿ ಆಗುವುದಿಲ್ಲ, ಯಾರ ಮನೆತನದಲ್ಲಿ ಯಾವುದರಿಂದ ಏನಾಗಿದೆ, ಎಲ್ಲ. ಬಲಗಡೆಯದು ಔಷಧಿ ಅಳೆದು ಕೊಡುತ್ತದೆ. ಎಡಗಡೆಯದಕ್ಕೆ ಗೊತ್ತಿರುವುದು ಬಲಗಡೆಯದಕ್ಕೆ ಗೊತ್ತಿಲ್ಲ. ಆದ್ದರಿಂದ ಎರಡರ ನಡುವೆ ಒಬ್ಬ ಹೆಂಗಸು ಕೂರುತ್ತಾಳೆ. ಎಡಗಡೆಯ ಸಾಲನ್ನು ಗುರುತು ಮಾಡಿ, ಕಾಪಿ ಒತ್ತಿ, ಬಲಕ್ಕೆ ತಿರುಗಿ, ರೋಗಿಯ ಹೆಸರನ್ನು ಗಟ್ಟಿಯಾಗಿ ಕೂಗಿ, ಪೇಸ್ಟ್ ಒತ್ತುತ್ತಾಳೆ. ದಿನಕ್ಕೆ ಮುನ್ನೂರು ಸಲ. ನಮ್ಮ ಮನೆಯಲ್ಲಿ ಏಳು ತಲೆಮಾರಿನಿಂದ ಇದೇ ಕೆಲಸ. ಮಗುವಿಗೆ ಬಳಪ ಹಿಡಿಸುವ ಮೊದಲು ಆ ಎರಡು ಕೀಲಿಗಳ ಮೇಲೆ ಬೆರಳಿಡಿಸುತ್ತೇವೆ, ಮನೆಯವರೆಲ್ಲ ಕೂತು ಪಾಯಸ ಉಣ್ಣುತ್ತೇವೆ. ಮನುಷ್ಯರನ್ನು ತಂತಿಯ ಬದಲು ಬಳಸಿಕೊಂಡದ್ದಕ್ಕೆ ನಾವು ಹಬ್ಬ ಮಾಡುತ್ತೇವೆ, ಸ್ವಾಮಿ. ನನಗೆ ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ನಿಮ್ಮ ಕಾಲದಲ್ಲಿ ಸಾವಿರ ಮೈಲಿ ಆಚೆ ಯಾರೋ ತಿಂದ ದೋಸೆಯ ಚಿತ್ರ ಕಣ್ಣು ಮಿಟುಕಿಸುವುದರೊಳಗೆ ನಿಮ್ಮ ಅಂಗೈಗೆ ಬರುತ್ತಿತ್ತಂತೆ. ಮನೆಯ ದೀಪ ಫೋನಿನ ಮಾತು ಕೇಳುತ್ತಿತ್ತಂತೆ. ಒಂದೇ ಮೇಜಿನ ಮೇಲೆ, ಒಂದೇ ಪೆಟ್ಟಿಗೆಯೊಳಗೆ, ಗೇಣು ದೂರದಲ್ಲಿದ್ದ ಎರಡು ಪ್ರೋಗ್ರಾಮುಗಳಿಗೆ ಮಾತ್ರ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿಸುವ ದಾರಿ ಇರಲಿಲ್ಲವೇ?

ಈ ಕೋಪಕ್ಕೆ ಕಾರಣ ಹೇಳುತ್ತೇನೆ. ಈ ಮಾಗಿಯ ಶುರುವಿನಲ್ಲಿ ಹುಸೇನಬಿ ಖಾಲಾ ಜ್ವರವೆಂದು ಬಂದರು. ಅವರು ನಮ್ಮೂರಿನ ಮಗ್ಗ ರಿಪೇರಿಯವರು. ಮಗ್ಗದ ಪಕ್ಕ ಕಣ್ಣು ಮುಚ್ಚಿ ಕೂತು, ಅದರ ಸದ್ದು ಕೇಳಿಯೇ ಯಾವ ಹಲಗೆ ಸಡಿಲವಾಗಿದೆ ಎಂದು ಹೇಳುವವರು. ಒಂದು ಬಗೆಯ ಚುಚ್ಚುಮದ್ದು ಅವರ ತಾಯಿಯ ಕಡೆಯವರ ಕಿವಿ ಕೆಡಿಸುತ್ತದೆ. ಅದು ಎಡಗಡೆಯ ಪ್ರೋಗ್ರಾಮಿನಲ್ಲಿ ಕೆಂಪಕ್ಷರದಲ್ಲಿ ಇತ್ತು. ಆ ದಿನ ಕುರ್ಚಿಯಲ್ಲಿದ್ದವಳು ನನ್ನ ಅಕ್ಕ ಗುರವ್ವ. ಆಕೆ ಸಾಲು ಗುರುತು ಮಾಡಿದಳು, ಕಾಪಿ ಒತ್ತಿದಳು, ತಿರುಗಿ ಹೆಸರು ಕೂಗಿದಳು, ಪೇಸ್ಟ್ ಒತ್ತಿದಳು. ಸವೆದ ಕೀಲಿ ಆ ಒಂದು ಸಲ ಕಾಪಿ ಹಿಡಿಯಲಿಲ್ಲ. ನಿಮ್ಮ ಕಾಪಿ ಎನ್ನುವುದರಲ್ಲಿ ಒಂದು ಸಲಕ್ಕೆ ಒಂದೇ ಮಾತು ನಿಲ್ಲುತ್ತದೆ, ಹೊಸದು ಬಾರದಿದ್ದರೆ ಹಳೆಯದೇ ಕೂತಿರುತ್ತದೆ, ಅದು ಯಾರದೆಂಬ ಗುರುತೂ ಇರುವುದಿಲ್ಲ. ಹಾಗಾಗಿ ಹುಸೇನಬಿಯ ಹೆಸರಿನ ಮುಂದೆ ಹಿಂದಿನ ರೋಗಿಯ ಸಾಲು ಹೋಗಿ ಕೂತಿತು: ಯಾವ ಔಷಧಿಯಿಂದಲೂ ತೊಂದರೆ ಇಲ್ಲ. ಹತ್ತು ದಿನ ಚುಚ್ಚುಮದ್ದು ಹಾಕಿದರು. ಜ್ವರ ಹೋಯಿತು, ಎರಡು ಕಿವಿಯೂ ಹೋದವು.

ನಮ್ಮ ಊರಿನ ಹಿರಿಕರಿಗೆ ಇಂಥದ್ದಕ್ಕೆ ಒಂದೇ ಮದ್ದು ಗೊತ್ತು. ಅದಕ್ಕೆ ಕೈಕಟ್ಟು ಎನ್ನುತ್ತಾರೆ. ತಪ್ಪು ಪೇಸ್ಟ್ ಮಾಡಿದವಳ ಬಲಗೈಗೆ ಕರಿ ಪಟ್ಟಿ ಹೊಲಿಯುತ್ತಾರೆ, ಅದು ಸಾಯುವವರೆಗೆ ಬಿಚ್ಚುವಂತಿಲ್ಲ. ಆ ಪಟ್ಟಿ ಇದ್ದವಳಿಗೆ ಯಾರೂ ಕೆಲಸ ಕೊಡುವುದಿಲ್ಲ, ಅವಳು ಬಡಿಸಿದ್ದನ್ನು ಉಣ್ಣುವುದಿಲ್ಲ. ನಾಳೆ ಬೆಳಗ್ಗೆ ಎಂಟಕ್ಕೆ ಗುರವ್ವಳ ಕೈಗೆ ಅದನ್ನು ಹೊಲಿಯುತ್ತಾರೆ. ಅಕ್ಕ ಎರಡು ತಿಂಗಳಿನಿಂದ ಒಂದೇ ಮಾತು ಹೇಳುತ್ತಿದ್ದಾಳೆ: "ನಾ ಒತ್ತೀನಿ ನೀಲಾ. ಒತ್ತಿದ್ದು ಖರೇ ಐತಿ." ಹೇಳುವಾಗಲೆಲ್ಲ ಬೆರಳನ್ನು ಮೊಣಕಾಲಿನ ಮೇಲೆ ಒತ್ತಿ ತೋರಿಸುತ್ತಾಳೆ. ಊಟಕ್ಕೆ ಕರೆದರೂ ಅದೇ, ಸ್ನಾನಕ್ಕೆ ಕರೆದರೂ ಅದೇ.

ಆಕೆಯ ಗೋಳು ನೋಡಲಾರದೆ ನಾನು ನಿಮ್ಮ ಪ್ರೋಗ್ರಾಮಿನ ಒಳಬರಹ ತೆಗೆದೆ. ಓದುವುದಕ್ಕೆ ನಮ್ಮಲ್ಲಿ ಯಾರೂ ಅಡ್ಡಿ ಮಾಡಿರಲಿಲ್ಲ, ಯಾರೂ ಓದಿರಲೂ ಇಲ್ಲ. ಹನ್ನೊಂದು ದಿನ ಓದಿದ ಮೇಲೆ ನಿಮ್ಮ ಟಿಪ್ಪಣಿ ಸಿಕ್ಕಿತು. "ಎರಡೂ ಒಂದೇ ಜಾಗದಿಂದ ಓದುವಂತೆ ಬರೆದಿದ್ದೇನೆ. ಸದ್ಯಕ್ಕೆ ಮುಚ್ಚಿಟ್ಟಿದ್ದೇನೆ. ಸೋಮವಾರ ಪರೀಕ್ಷಿಸಿ ತೆರೆಯುವುದು. ವಿ." ಕೆಳಗೆ ಶುಕ್ರವಾರದ ತಾರೀಖು.

ನಾನು ಅದನ್ನು ಮೂರು ಸಲ ಓದಿದೆ. ನೀವು ಗೋಡೆಗೆ ಗೂಡು ಕೊರೆದಿದ್ದಿರಿ. ಎರಡು ಕೋಣೆಯಿಂದಲೂ ಕೈ ಹಾಕಬಹುದಾದ ಗೂಡು: ಎಡಗಡೆಯದು ತನಗೆ ಗೊತ್ತಿದ್ದದ್ದನ್ನು ಹೆಸರಿನ ಸಮೇತ ಅಲ್ಲಿಡುತ್ತದೆ, ಬಲಗಡೆಯದು ಅಲ್ಲಿಂದಲೇ ಓದುತ್ತದೆ, ಹೆಸರು ತಾಳೆಯಾಗದಿದ್ದರೆ ಔಷಧಿ ಕೊಡುವುದಿಲ್ಲ. ಚೊಕ್ಕ ಕೆಲಸ. ನಿಮಗೆ ಬಾರದೆ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬರುತ್ತಿತ್ತು, ಮಾಡಿಯೂ ಇದ್ದಿರಿ, ಒಂದು ಸಾಲನ್ನು ಮುಚ್ಚಿ ಮನೆಗೆ ಹೋದಿರಿ. ಆ ಸೋಮವಾರ ನಿಮಗೆ ಏನಾಯಿತು? ಬೇರೆ ಕೆಲಸಕ್ಕೆ ಹಾಕಿದರೇ? ಕಾಪಿ ಪೇಸ್ಟ್ ಮಾಡಿಕೊಳ್ಳಲಿ ಬಿಡಿ ಎಂದು ಮೇಲಿನವರು ಯಾರಾದರೂ ಹೇಳಿದರೇ? ಹೇಳಿದವರು ಒಂದು ದಿನವಾದರೂ ಆ ಕುರ್ಚಿಯಲ್ಲಿ ಕೂತಿದ್ದರೇ?

ನಿಮ್ಮೊಬ್ಬರ ತಲೆಗೇ ಎಲ್ಲ ಕಟ್ಟುತ್ತಿಲ್ಲ. ನಮ್ಮವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು. ಟಿಪ್ಪಣಿಯನ್ನು ಹಿರಿಕರಿಗೆ ತೋರಿಸಿದೆ. ಆ ಸಾಲು ತೆರೆಯಬೇಕಾದರೆ ಎರಡೂ ಪ್ರೋಗ್ರಾಮುಗಳನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಅದನ್ನು ಕೇಳಿದ್ದೇ ತಡ, ಆಗುವುದಿಲ್ಲ ಎಂದುಬಿಟ್ಟರು. ನಮ್ಮಲ್ಲಿ ಓಡುವುದನ್ನು ನಿಲ್ಲಿಸಬಾರದು ಎಂಬುದು ದೊಡ್ಡ ಕಟ್ಟಳೆ. ಕಂಪ್ಯೂಟರಿನ ಒಂದೊಂದು ಭಾಗವನ್ನೂ ಬದಲಿಸಿದ್ದೇವೆ, ಆದರೆ ಇನ್ನೂರು ವರ್ಷದಿಂದ ಅದನ್ನು ಆರಲು ಬಿಟ್ಟಿಲ್ಲ. ಅಜ್ಜಿಯ ಕಾಲದಲ್ಲಿ ಹುಟ್ಟಿದ ದಿನ ಬರೆದಿಡುವ ಮೂರನೆಯ ಪ್ರೋಗ್ರಾಮೊಂದನ್ನು ಯಾರೋ ನಿಲ್ಲಿಸಿದರು, ಅದು ಮತ್ತೆ ಏಳಲಿಲ್ಲ. ಅಜ್ಜಿಯ ಓರಗೆಯವರಿಗೆ ವಯಸ್ಸೇ ಗೊತ್ತಿಲ್ಲ. ಆ ಹೆದರಿಕೆ ಸುಳ್ಳಲ್ಲ, ನಾನೂ ಹೆದರುತ್ತೇನೆ. ಆದರೆ ನಮ್ಮ ಹಿರಿಕರು ಪ್ರೋಗ್ರಾಮನ್ನು ಮುಟ್ಟಲು ಹೆದರಿದರು, ನನ್ನ ಅಕ್ಕನ ಕೈ ಮುಟ್ಟಲು ಹೆದರಲಿಲ್ಲ.

ಆರು ವಾರದಿಂದ ನಾನು ಎಡಗಡೆಯ ಪ್ರೋಗ್ರಾಮಿನಲ್ಲಿದ್ದ ಪ್ರತಿಯೊಬ್ಬರ ಸಾಲನ್ನೂ ಕಾಗದಕ್ಕೆ ಇಳಿಸಿದ್ದೇನೆ. ನಾಲ್ಕು ಸಾವಿರದ ಇನ್ನೂರು ಜನ. ಪ್ರೋಗ್ರಾಮು ಏಳದಿದ್ದರೂ ಯಾರೂ ಸಾಯಬಾರದು. ನಾಳೆ ಬೆಳಗ್ಗೆ ಏಳಕ್ಕೆ, ಸೂಜಿ ದಾರ ಹಿಡಿದವರು ಬರುವ ಮೊದಲು, ಎರಡನ್ನೂ ನಿಲ್ಲಿಸಿ ನಿಮ್ಮ ಗೂಡನ್ನು ತೆರೆಯುತ್ತೇನೆ. ಅದು ತೆರೆದರೆ ಹುಸೇನಬಿಯ ಕೆಂಪು ಸಾಲು ಯಾರ ಬೆರಳೂ ಇಲ್ಲದೆ ಬಲಕ್ಕೆ ಬರುತ್ತದೆ, ತಪ್ಪು ಬೆರಳಿನದಲ್ಲ ಎಂದು ಊರಿಗೇ ಕಾಣುತ್ತದೆ. ತೆರೆಯದಿದ್ದರೆ ಅಕ್ಕನ ಜೊತೆಗೆ ನನ್ನ ಕೈಗೂ ಪಟ್ಟಿ.

ಈ ಪತ್ರ ನಿಮಗೆ ಮುಟ್ಟುವುದಿಲ್ಲ, ಗೊತ್ತು. ನಿಮ್ಮ ಟಿಪ್ಪಣಿಯ ಕೆಳಗೇ ಇದನ್ನು ಸೇರಿಸುತ್ತಿದ್ದೇನೆ. ಮುಂದೆ ಇಲ್ಲಿಗೆ ಬರುವವರೇ, ಆಮೇಲೆ ನೋಡೋಣ ಎಂದು ನೀವೂ ಏನಾದರೂ ಬರೆದು ಏಳುವವರಿದ್ದರೆ, ದಯವಿಟ್ಟು ಪೂರ್ತಿ ಹೆಸರು ಬರೆದು ಏಳಿ. ಬೈಯುವವರಿಗೆ ಒಂದು ಅಕ್ಷರ ಸಾಲುವುದಿಲ್ಲ.

ನಾಳೆ ಏನು ಮಾಡುತ್ತೇನೆಂದು ಒಬ್ಬರಿಗೆ ಮಾತ್ರ ತಿಳಿಸಿದ್ದೇನೆ. ಇವತ್ತು ಮಧ್ಯಾಹ್ನ ಹುಸೇನಬಿ ಖಾಲಾ ಅವರ ಮನೆಗೆ ಹೋಗಿ ಪಾಟಿಯ ಮೇಲೆ ಎಲ್ಲವನ್ನೂ ಬರೆದು ತೋರಿಸಿದೆ. ಪ್ರೋಗ್ರಾಮು ಮತ್ತೆ ಶುರುವಾಗಲು ಅರ್ಧ ಗಂಟೆ ಬೇಕು, ನಿಂತ ಸುದ್ದಿ ತಿಳಿದು ಅಷ್ಟರೊಳಗೆ ಹಿರಿಕರು ಬಂದು ಬಾಗಿಲು ಬಡಿಯುತ್ತಾರೆ ಎಂದೂ ಬರೆದೆ. ಅವರು ನಿಧಾನವಾಗಿ ಓದಿದರು. "ಆಕೀ ಕೈ ಕಟ್ಟಿದ್ರ ನನ್ನ ಕಿವಿ ಹೊಳ್ಳಿ ಬರ್ತಾವೇನು?" ಎಂದರು. ಆಮೇಲೆ ಪಾಟಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

"ನೀ ಒಳಗ ನಿನ್ನ ಕೆಲಸ ಮಾಡು. ನಾ ಬಾಗಲದಾಗ ಅಡ್ಡ ಕುಂದರ್ತೀನಿ. ಯಾರ್ ಎಷ್ಟ್ ಒದರಿದ್ರೂ ನನಗ ಕೇಳಂಗಿಲ್ಲ."

ನೀಲಗಂಗಾ,
ಗುರವ್ವಳ ತಂಗಿ